ಖಟ್ ಖಟ್ ಅಂದರೆ ಹೌದು

ಮದುವೆಯಾದಾಗಿನಿಂದ ನನ್ನ ಗಂಡ ಬಾಯಿ ಮುಚ್ಚಿಕೊಂಡು ಇದ್ದದ್ದನ್ನು ನಾನು ಕಂಡಿರುವುದು ಒಂದೇ ಸಲ. ಆ ಒಂದು ಸಲವೇ ಸಾಕು, ಏಳೇಳು ಜನ್ಮಕ್ಕೂ ಬೇಡ.

ಹಾಗೆಂದು ಮನುಷ್ಯ ಕೆಟ್ಟವರೇನಲ್ಲ. ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್. ಹೆಡ್‌ಲೈಟು, ಹಾರ್ನು, ವೈಪರು, ಬ್ಯಾಟರಿ ಎಲ್ಲ ಅವರ ಸುಪರ್ದಿ. ಕುಡಿತವಿಲ್ಲ, ಇಸ್ಪೀಟಿಲ್ಲ, ಡ್ಯೂಟಿ ಮುಗಿದರೆ ನೆಟ್ಟಗೆ ಮನೆ. ಇರುವುದು ಬಾಯಿ ಒಂದೇ. ಬಸ್ಸಿನ ಅಡಿ ಮಲಗಿ ವೈರು ಜೋಡಿಸುತ್ತಿದ್ದರೂ ಪಕ್ಕದಲ್ಲಿ ಚಕ್ರ ಬಿಚ್ಚುವವನ ಜೊತೆ ಮಾತು ನಡೆಯುತ್ತಲೇ ಇರಬೇಕು. ಪೇಟೆಗೆ ಕಳಿಸಿದರೆ ತರಕಾರಿಯವಳ ಮಂಡಿನೋವಿನಿಂದ ಹಿಡಿದು ಕ್ಷೌರದಂಗಡಿಯವನ ಮೈದುನನ ವ್ಯಾಜ್ಯದವರೆಗೆ ಎಲ್ಲ ಸುದ್ದಿ ತರುತ್ತಾರೆ, ನಾನು ಹೇಳಿದ ದಾರದುಂಡೆ ಮಾತ್ರ ಮರೆತಿರುತ್ತದೆ. ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ದಾರವಿಲ್ಲದೆ ಕೈಕಟ್ಟಿ ಕೂತಾಗ ಬರುವ ಸಿಟ್ಟು ಎಂಥದ್ದು ಎಂದು ಹೊಲಿಯುವವರನ್ನೇ ಕೇಳಬೇಕು.

ಇಂಥವರ ಕೈಗೆ ಹ್ಯಾಮ್ ರೇಡಿಯೊ ಸಿಕ್ಕಿತು. ಸಿಕ್ಕಿಸಿದವರು ಮೇಷ್ಟ್ರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು, ಎರಡು ಬೀದಿ ಆಚೆ ಅವರ ಮನೆ. ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ತಗೊಂಡು, ಮುಖ ನೋಡಿರದವರ ಜೊತೆ ಗಾಳಿಯಲ್ಲಿ ಹರಟೆ ಹೊಡೆಯುವ ಹವ್ಯಾಸ ಅದು. ಪುಕ್ಕಟೆ ಮಾತು, ಕೇಳುವವರು ಮಧ್ಯೆ ಬಾಯಿ ಹಾಕುವಂತಿಲ್ಲ. ನಮ್ಮನೆಯವರಿಗೆ ಇನ್ನೇನು ಬೇಕು? ಒಬ್ಬರು ಮೈಕಿನ ಗುಂಡಿ ಒತ್ತಿ ಹಿಡಿದು ಮಾತಾಡಿ, ಕೊನೆಗೆ ‘ಓವರ್’ ಎಂದು ಗುಂಡಿ ಬಿಡಬೇಕು. ಆಮೇಲೆ ಇನ್ನೊಬ್ಬರ ಸರದಿ. ಆ ‘ಓವರ್’ ಅವರ ನಾಲಿಗೆಗೆ ಅಂಟಿಕೊಂಡು ಊಟದ ಮನೆಗೂ ಬಂತು.

“ಸಾರಿಗೆ ಉಪ್ಪು ಕಮ್ಮಿ. ಓವರ್.”

“ಡಬ್ಬಿ ಅಲ್ಲೇ ಇದೆ, ಹಾಕ್ಕೊಳ್ಳಿ.”

“ನೀನೂ ಓವರ್ ಅನ್ನು, ಇಲ್ಲಾಂದ್ರೆ ಮುಗೀತು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?”

“ಸೌಟು ತಗೊಂಡು ಬರ್ತೀನಿ, ಆಗ ಗೊತ್ತಾಗತ್ತೆ.”

ಡಿಪೋದವರು ಅವರಿಗೆ ‘ಓವರಣ್ಣ’ ಎಂದೇ ಹೆಸರಿಟ್ಟರು. ಮೇಷ್ಟ್ರು ಅವರಿಗೆ ಟಕಟಕ ಕುಟ್ಟಿ ಅಕ್ಷರ ಕಳಿಸುವ ಮೋರ್ಸ್ ವಿದ್ಯೆಯನ್ನೂ ಕಲಿಸಲು ಹೆಣಗಾಡಿದರು. “ದೇವರು ಬಾಯಿ ಕೊಟ್ಟಿರೋವಾಗ ಕುಟ್ಟೋದು ಯಾಕೆ ಮೇಷ್ಟ್ರೇ?” ಎಂದು ಇವರು ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮನೆಯಲ್ಲಿ ದೊಡ್ಡ ಸೆಟ್ಟು ನನ್ನ ಹೊಲಿಗೆ ಮೆಷಿನ್ನಿನ ತಲೆಯ ಮೇಲಿನ ಹಲಗೆಯಲ್ಲಿ ಕೂತಿದೆ, ತಾರಸಿಯ ಮೇಲೆ ಅದರ ಆಂಟೆನಾ. ಹೊರಗೆ ಒಯ್ಯಲು ಒಂದು ಸಣ್ಣ ಸೆಟ್ಟು. ಅದಕ್ಕೆ ಒಂದು ಬ್ಯಾಟರಿ ಕಟ್ಟು. ಈ ಕಥೆಯ ಶನಿ ಅದೇ.

ಡಿಪೋದ ಬ್ಯಾಟರಿ ಹೊತ್ತು ಗುಡ್ಡ ಹತ್ತಲಾಗುತ್ತದೆಯೇ? ಅದಕ್ಕೇ ಯಾರೋ ಎಸೆದ ವಿದ್ಯುತ್ ಸ್ಕೂಟರಿನ ಬ್ಯಾಟರಿ ಬಿಚ್ಚಿ, ಒಳಗಿನ ನಾಲ್ಕು ಸೆಲ್ ಆರಿಸಿ, ಸಾಲಾಗಿ ಜೋಡಿಸಿ, ನೀಲಿ ಟೇಪು ಸುತ್ತಿ ಕಟ್ಟು ಮಾಡಿದರು. ಮೇಲೊಂದು ಬೆರಳುದ್ದದ ಬೋರ್ಡು. ಅದು ಕಾವಲುಗಾರ. ನಾಲ್ಕರಲ್ಲಿ ಯಾವ ಸೆಲ್ ತುಂಬಿ ತುಳುಕಿದರೂ ಚಾರ್ಜ್ ನಿಲ್ಲಿಸುತ್ತದೆ, ಯಾವ ಸೆಲ್ ಬಳಲಿದರೂ ಇಡೀ ಕಟ್ಟನ್ನೇ ಆರಿಸಿಬಿಡುತ್ತದೆ. ಚಾರ್ಜ್ ಮಾಡುವ ಜಾಗ ನನ್ನ ಅಡುಗೆಮನೆಯ ಕಟ್ಟೆ. ಮನೆಯಲ್ಲಿ ಗಟ್ಟಿಮುಟ್ಟಾದ ಪ್ಲಗ್ಗು ಅದೊಂದೇ ಅಂತೆ. ನಾನು ಮಿಕ್ಸಿ ಹಿಡಿದು ನಿಂತರೆ ಅವರು ಮೀಟರ್ ಹಿಡಿದು ಕೂತಿರುತ್ತಿದ್ದರು. ಚಾರ್ಜರಿನ ಕೆಂಪು ದೀಪ ಹಸಿರಾಗುವವರೆಗೆ ಚಟ್ನಿಯೂ ಇಲ್ಲ, ಗಿಟ್ನಿಯೂ ಇಲ್ಲ.

ಆ ನಾಲ್ಕರಲ್ಲಿ ಒಂದು ಸೆಲ್ ಸೋಂಬೇರಿ. ಉಳಿದ ಮೂರು ಬೇಗ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದವು. ಅವು ತುಂಬಿದ್ದೇ ತಡ, ಬೋರ್ಡು ಸಾಕೆನ್ನುತ್ತಿತ್ತು, ಹಸಿರು ದೀಪ ಬರುತ್ತಿತ್ತು, ನಾಲ್ಕನೆಯದು ಮಾತ್ರ ಅರೆಹೊಟ್ಟೆಯಲ್ಲೇ ಉಳಿಯುತ್ತಿತ್ತು. ಖಾಲಿಯಾಗುವಾಗ ಮೊದಲು ಕೈಯೆತ್ತುವುದೂ ಅದೇ. ಅದಕ್ಕೆ ನನ್ನ ಗಂಡ ಇಟ್ಟ ಹೆಸರು ‘ನಿಮ್ಮಣ್ಣ’.

“ನೋಡು, ಮೂರು ಜನ ಎದ್ದು ಕೂತಾಯ್ತು. ನಿಮ್ಮಣ್ಣ ಇನ್ನೂ ಹೊದ್ದು ಮಲಗಿದಾನೆ.”

“ನಮ್ಮಣ್ಣನ ಸುದ್ದಿಗೆ ಬರಬೇಡಿ, ಹೇಳಿದೀನಿ.”

“ಸುದ್ದಿಗೆಲ್ಲಿ ಬಂದೆ? ವೋಲ್ಟೇಜ್ ಹೇಳ್ದೆ. ಓವರ್.”

ನಮ್ಮಣ್ಣ ಪಕ್ಕದ ಓಣಿಯವನೇ, ಸಾಮಾನು ಸಾಗಿಸುವ ಟೆಂಪೊ ಇಟ್ಟುಕೊಂಡಿದ್ದಾನೆ. ಬಾಡಿಗೆ ಇಲ್ಲದ ದಿನ ಸೂರ್ಯ ನೆತ್ತಿಗೆ ಬರುವವರೆಗೆ ಏಳುವುದಿಲ್ಲ ಎನ್ನುವುದು ನಿಜ. ನಿಜವೆಂದ ಮಾತ್ರಕ್ಕೆ ಗಂಡನ ಬಾಯಲ್ಲಿ ಕೇಳಿಸಿಕೊಳ್ಳಲಾಗುತ್ತದೆಯೇ?

ಹೊಸ ಸೆಲ್ ಕೊಳ್ಳಿ ಎಂದರೆ ಆಗುವುದಿಲ್ಲ. ಅವರಿಗೆ ಗುಜರಿಯ ಹುಚ್ಚು. ಹಿತ್ತಿಲ ಕೋಣೆ ತುಂಬ ಬಿಚ್ಚಿದ ಮೋಟಾರು, ಸುಟ್ಟ ಫ್ಯಾನು, ಕಿವುಡಾದ ಸ್ಪೀಕರು. ಒಂದು ದಿನ ರೋಸಿಹೋಗಿ ಹೇಳಿದೆ: “ಇನ್ನೊಂದು ಗುಜರಿ ಸಾಮಾನು ಹೊಸಲು ದಾಟಿ ಒಳಗೆ ಬಂದ್ರೆ ನಾನು ಅದೇ ಹೊಸಲು ದಾಟಿ ಹೊರಗೆ.” ಅವರು ನಕ್ಕರು. ಆದರೆ ಆಮೇಲೆ ಸಾಮಾನು ಬರುವುದು ನಿಂತಿತು. ಬುದ್ಧಿ ಬಂತೆಂದು ನಾನೂ ಬೀಗಿದೆ.

ಆ ರಜೆಯ ದಿನ ಬೆಳಿಗ್ಗೆ ಚಾರ್ಜರ್ ಹಸಿರು ತೋರಿಸಿದ ಕೂಡಲೇ ಕಟ್ಟನ್ನು ಕಿತ್ತು ಚೀಲಕ್ಕೆ ಹಾಕಿಕೊಂಡರು. ಚೀಲ ನಾನು ಹೊಲಿದದ್ದು, ಮಳೆಕೋಟಿನ ಉಳಿಕೆ ಬಟ್ಟೆಯಲ್ಲಿ, ಕಣ್ಣಿಗೆ ಹೊಡೆಯುವ ಹಳದಿ. “ಇದನ್ನ ಹಾಕ್ಕೊಂಡು ಹೋದ್ರೆ ರಸ್ತೆ ರಿಪೇರಿಯವನು ಅಂದ್ಕೋತಾರೆ” ಎಂದು ಪ್ರತಿಸಲ ಗೊಣಗುತ್ತಿದ್ದರು, ಪ್ರತಿಸಲ ಅದನ್ನೇ ಒಯ್ಯುತ್ತಿದ್ದರು. ಟವರ್ ಗುಡ್ಡ ಹತ್ತಿ ಅಲ್ಲಿಂದ ದೂರದೂರದವರ ಜೊತೆ ಮಾತಾಡಿ, ಊಟದ ಹೊತ್ತಿಗೆ ಇಳಿಯುವುದು ಎಂದು ಹೇಳಿ ಹೋದರು.

ಬೆಳಿಗ್ಗೆಯೆಲ್ಲ ನನ್ನ ತಲೆಯ ಮೇಲಿನ ಸೆಟ್ಟಿನಲ್ಲಿ ಅವರದ್ದೇ ಸಂತರ್ಪಣೆ. ಯಾರು ಕರೆದರೂ ಓಗೊಡುವುದು, ಅವರ ಊರಿನ ಹವಾಮಾನ ಕೇಳುವುದು, ತಮ್ಮದು ಹೇಳುವುದು, ಆಂಟೆನಾ ಎಷ್ಟುದ್ದ, ಬ್ಯಾಟರಿ ಯಾವುದು, ಮಕ್ಕಳೆಷ್ಟು. ಮೇಷ್ಟ್ರು ಒಮ್ಮೆ ಎಚ್ಚರಿಸಿದರು: “ಕೇಳೋದಕ್ಕೆ ಬ್ಯಾಟರಿ ಅಷ್ಟೇನೂ ಬೇಡಪ್ಪ, ಮಾತಾಡೋದಕ್ಕೇ ಬೇಕಾಗೋದು. ಸ್ವಲ್ಪ ಉಳಿಸ್ಕೊ.”

“ಹಸಿರು ದೀಪ ನೋಡ್ಕೊಂಡೇ ಬಂದಿದೀನಿ ಮೇಷ್ಟ್ರೇ, ಯೋಚ್ನೆ ಬೇಡ. ಓವರ್.”

ನಾನು ಸದ್ದು ಕಡಿಮೆ ಮಾಡಿ ಹೊಲಿಯುತ್ತ ಕೂತೆ. ಅತ್ತೆ ಪಕ್ಕದಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದರು. ಅವರಿಗೆ ಕಿವಿ ಸ್ವಲ್ಪ ಮಂದ, ಮಗನ ಮಾತು ಸೆಟ್ಟಿನಲ್ಲಿ ಬರುತ್ತಿದ್ದರೆ ಮಗ ಮನೆಯಲ್ಲೇ ಇದ್ದಾನೆ ಎನ್ನುವಷ್ಟು ನೆಮ್ಮದಿ.

ಊಟದ ಹೊತ್ತು ಮೀರಿತು. ಮೋಡ ಕಪ್ಪಿಟ್ಟು ಮಳೆ ಹಿಡಿಯಿತು. ಫೋನ್ ಮಾಡಿದೆ, ಹೋಗಲಿಲ್ಲ. ಯಾರದೋ ಬಾಗಿಲಲ್ಲಿ ನಿಂತು ಹರಟುತ್ತಿರಬೇಕು ಎಂದುಕೊಂಡು ಬೈದುಕೊಳ್ಳುತ್ತ ತಟ್ಟೆ ಮುಚ್ಚಿಟ್ಟೆ.

ಆಗ ಸೆಟ್ಟಿನಲ್ಲಿ ಅವರ ದನಿ ಬಂತು. ತೀರಾ ಕ್ಷೀಣ. ಮೊದಲು ಲೈಸೆನ್ಸಿನ ಜೊತೆ ಸಿಕ್ಕ ತಮ್ಮ ಕರೆಗುರುತು, ಅಕ್ಷರ ಅಕ್ಷರ ಬಿಡಿಸಿ, ಎರಡು ಸಲ. ಆಮೇಲೆ:

“ಎಲ್ಲರಿಗೂ ಮಧ್ಯಾಹ್ನದ ನಮಸ್ಕಾರ. ಇಲ್ಲಿ ಹವಾಮಾನ, ಜೋರು ಮಳೆ. ಒಂದು ಸಣ್ಣ ತೊಂದರೆ ಆಗಿದೆ. ನಾನು ಬಿದ್ದಿದೀನಿ, ಕಾಲು ಮುರಿದಿರಬೇಕು. ನಾನೀಗ ಇರೋದು—”

ಅಷ್ಟೇ. ಸೊಂಯ್ ಎನ್ನುವ ಸದ್ದು ಮಾತ್ರ ಉಳಿಯಿತು.

ಅಯ್ಯೋ ನಿಮ್ಮ ನಮಸ್ಕಾರಕ್ಕಿಷ್ಟು! ಕಾಲು ಮುರಿದುಕೊಂಡು ಬಿದ್ದವನು ಜಾಗ ಹೇಳುವುದು ಬಿಟ್ಟು ಹವಾಮಾನ ಹೇಳುತ್ತಾನೆಯೇ? ಈ ಹ್ಯಾಮಿನವರು ಮಾತ್ರ ಹೇಳುತ್ತಾರೆ. ಅವರಿಗೆ ಅದು ಉಸಿರಾಟದಷ್ಟು ರೂಢಿ. ಲೈಸೆನ್ಸ್ ಇಲ್ಲದವರು ಮೈಕ್ ಮುಟ್ಟಬಾರದು ಎಂದು ಸಾವಿರ ಸಲ ಹೇಳಿದ್ದರು, ನಾನು ಎಳೆದುಕೊಂಡು ಗುಂಡಿ ಒತ್ತಿದೆ.

“ರೀ! ಎಲ್ಲಿದೀರಿ? ಎಲ್ಲಿ ಬಿದ್ರಿ?”

ಉತ್ತರ ಕೊಟ್ಟವರು ಮೇಷ್ಟ್ರು. “ನಾನೂ ಕೇಳಿಸ್ಕೊಂಡೆ ಕಣಮ್ಮ. ಗಾಬರಿ ಆಗ್ಬೇಡ. ಪ್ರಾಣಕ್ಕೆ ಬಂದಾಗ ಯಾರು ಬೇಕಾದ್ರೂ ಮೈಕ್ ಹಿಡೀಬಹುದು. ಅಗ್ನಿಶಾಮಕದವರಿಗೆ ಫೋನ್ ಮಾಡ್ತೀನಿ. ಟವರ್ ಗುಡ್ಡ ತಾನೆ?”

“ಹೌದು ಮೇಷ್ಟ್ರೇ, ಹಾಗೇ ಹೇಳಿ ಹೋದ್ರು.”

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅವರ ದನಿ ತೇಲಿ ಬಂತು. “ನಾನು—” ಅಂದದ್ದೇ ಸತ್ತುಹೋಯಿತು. ಮೇಷ್ಟ್ರು ಹಲ್ಲು ಕಚ್ಚಿದ್ದು ಸೆಟ್ಟಿನಲ್ಲೇ ಗೊತ್ತಾಯಿತು.

“ಅವನ ಕಟ್ಟಿನಲ್ಲಿ ಒಂದು ಸೆಲ್ ಕೈಕೊಡ್ತಿದೆ. ಮಾತಾಡೋಕೆ ಗುಂಡಿ ಒತ್ತಿದ ಕೂಡ್ಲೇ ಅದು ಕುಸಿಯತ್ತೆ, ಬೋರ್ಡು ಎಲ್ಲಾನೂ ಆರಿಸತ್ತೆ. ಬಿಟ್ರೆ ಸ್ವಲ್ಪ ಸುಧಾರಿಸ್ಕೊಂಡು ಏಳತ್ತೆ. ಏ ಓವರಣ್ಣ, ಕೇಳಿಸ್ತಿದ್ರೆ ಕೇಳು. ಪವರ್ ಪೂರ್ತಿ ಇಳಿಸು. ಮಾತಾಡ್ಬೇಡ. ಒಂದಕ್ಷರಾನೂ ಆಡ್ಬೇಡ. ನಾವು ಕೇಳ್ತೀವಿ. ಹೌದು ಅಂದ್ರೆ ಗುಂಡಿ ಎರಡು ಸಲ ಒತ್ತಿ ಬಿಡು. ಇಲ್ಲ ಅಂದ್ರೆ ಒಂದು ಸಲ. ಗೊತ್ತಾಯ್ತಾ?”

ಸೊಂಯ್. ನಾನು ಹಲಗೆಗೆ ಕಿವಿ ಹಚ್ಚಿದೆ. ಸೊಂಯ್ ಸದ್ದು ಕ್ಷಣ ಕಡಿಯಿತು, ಮತ್ತೆ ಕಡಿಯಿತು.

ಖಟ್ ಖಟ್.

ಬದುಕಿದ್ದಾರೆ. ನನ್ನ ಕಣ್ಣಲ್ಲಿ ದಳದಳ ನೀರು ಬಂತು. ಒರೆಸಿಕೊಳ್ಳಲು ಸಿಕ್ಕಿದ್ದು ಯಾರದೋ ಅರ್ಧ ಹೊಲಿದ ಅಂಗಿಯ ತೋಳು.

ಮೋರ್ಸ್ ಬಂದಿದ್ದರೆ ಆ ಖಟ್‌ಖಟ್‌ನಲ್ಲೇ ಜಾಗದ ಹೆಸರು ಕಳಿಸಿಬಿಡುತ್ತಿದ್ದರು. ಮೇಷ್ಟ್ರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ದೊಡ್ಡತನ ಅವರದು. ನಾನು ಮನಸ್ಸಿನಲ್ಲೇ ಬೇಕಾದಷ್ಟು ಹೇಳಿಕೊಂಡೆ.

ಅಗ್ನಿಶಾಮಕದವರು ಟವರ್ ಗುಡ್ಡ ಹತ್ತಿ, ದಾರಿಯುದ್ದಕ್ಕೂ ಕೂಗಿ, ಪೊದೆ ಪೊದೆ ತಡಕಿ, ಯಾರೂ ಇಲ್ಲವೆಂದು ಮೇಷ್ಟ್ರಿಗೆ ಫೋನ್ ಮಾಡಿದರು. ಮೇಷ್ಟ್ರು ನಿಧಾನಕ್ಕೆ ಹೇಳಿದರು: “ನಂಗೆ ಮೊದಲೇ ಅನುಮಾನ ಇತ್ತಮ್ಮ. ಗುಡ್ಡದ ಮೇಲಿದ್ದಿದ್ರೆ ಇಷ್ಟು ಕ್ಷೀಣ ಬರ್ತಿರ್ಲಿಲ್ಲ. ಎಲ್ಲೋ ತಗ್ಗಿನಲ್ಲಿದಾನೆ.”

ನಾನು ಗುಂಡಿ ಒತ್ತಿದೆ. “ರೀ, ಗುಡ್ಡದಲ್ಲಿದೀರಾ?”

ಖಟ್.

“ಇಳಿದು ದೊಡ್ಡ ರಸ್ತೆ ಕಡೆ ಬಂದ್ರಾ?”

ಖಟ್.

“ಕಲ್ಲುಗಣಿ ಹತ್ರ?”

ಬಹಳ ಹೊತ್ತು ಏನೂ ಇಲ್ಲ. ಕಟ್ಟು ಆರಿತೋ, ಅವರೇ ಆರಿದರೋ ಎಂದು ಸೆಟ್ಟಿನ ಸದ್ದು ಪೂರ್ತಿ ಏರಿಸಿದೆ. ಆಮೇಲೆ ಖಟ್. ಇಲ್ಲ.

ಇಲ್ಲ, ಇಲ್ಲ, ಇಲ್ಲ. ಊರಲ್ಲಿ ಜಾಗಗಳು ನೂರಾರು, ಅವರ ಬ್ಯಾಟರಿಯಲ್ಲಿ ಎಷ್ಟು ಖಟ್ ಉಳಿದಿವೆ ಎಂದು ಯಾರಿಗೆ ಗೊತ್ತು? ಕೇಳುವ ಒಂದೊಂದು ಪ್ರಶ್ನೆಯೂ ಅವರ ಜೀವದಿಂದ ಒಂದಿಷ್ಟು ಕಿತ್ತುಕೊಂಡಂತೆ ಅನಿಸಿ ನನಗೆ ಬಾಯಿ ತೆರೆಯಲು ಭಯವಾಯಿತು. ಅಷ್ಟರಲ್ಲಿ ದೂರದ ಯಾರೋ ಹ್ಯಾಮ್ ಮಹಾಶಯ ನಡುವೆ ಬಂದು, ತನ್ನ ಕರೆಗುರುತು ಬಿಡಿಸಿ ಹೇಳಿ, ತನ್ನ ಊರಿನ ಹವಾಮಾನದಿಂದ ಶುರು ಮಾಡಿದ.

“ಸ್ವಾಮಿ, ನಿಮ್ಮ ಹವಾಮಾನಕ್ಕೆ ಬೆಂಕಿ ಹಾಕ! ನನ್ನ ಗಂಡ ಸಾಯ್ತಿದಾರೆ, ಗುಂಡಿ ಬಿಡಿ!” ಎಂದು ಕಿರುಚಿದೆ. ಆ ಮನುಷ್ಯ ಮತ್ತೆ ಸೊಲ್ಲೆತ್ತಲಿಲ್ಲ.

ಆ ಕಿರುಚಾಟ ಅತ್ತೆಯ ಕಿವಿಗೂ ತಲುಪಿತು. ಊಟವಾದ ಮೇಲೆ ಒಳಕೋಣೆಗೆ ಹೋಗಿ ಕೂತಿದ್ದವರು ಸೂಜಿ ಅಂಗಿಗೆ ಚುಚ್ಚಿಟ್ಟು ಎದ್ದು ಬಂದರು. “ಇವನ್ಯಾಕೆ ಸುಮ್ನಾದ? ಬೆಳಿಗ್ಗೆಯಿಂದ ಮಾತಾಡ್ತಿದ್ದೋನು?”

ಮುಚ್ಚಿಡಲು ನನಗೆ ಶಕ್ತಿ ಇರಲಿಲ್ಲ. ಹೇಳಿದೆ. ಅತ್ತೆ ಅಳಲಿಲ್ಲ. ನನ್ನ ಮೆಷಿನ್ನಿನ ಸ್ಟೂಲಿನ ಮೇಲೆ ಕೂತು, ಸೆಟ್ಟನ್ನೇ ದಿಟ್ಟಿಸುತ್ತ, “ಮಾತಾಡೋಕೆ ಹೋಗೋನಿಗೆ ಸ್ಪ್ಯಾನರ್ ಯಾಕೆ ಬೇಕಿತ್ತು?” ಅಂದರು.

“ಯಾವ ಸ್ಪ್ಯಾನರ್?”

“ಬೆಳಿಗ್ಗೆ ನನ್ನ ಮಂಚದ ಅಡಿಯಿಂದ ಎಳ್ಕೊಂಡ. ದೊಡ್ಡದು. ನಿಂಗೆ ಹೇಳ್ಬೇಡ ಅಂದ.”

ನನಗೆ ಹೇಳಬೇಡ ಅಂದ! ನನಗೆ ಹೇಳಬಾರದಂಥದ್ದು ನನ್ನ ಗಂಡನ ಬದುಕಿನಲ್ಲಿ ಒಂದೇ ಒಂದು ಇದೆ. ಹೋದ ವಾರ ಊಟಕ್ಕೆ ಕೂತಾಗ ಬಾಯಿತಪ್ಪಿ ಅಂದಿದ್ದರು, ಕಾಲುವೆ ಪಕ್ಕದ ಪಾಳುಬಿದ್ದ ಪಂಪ್‌ಹೌಸಿನಲ್ಲಿ ಯಾವುದೋ ಕಂಪನಿಯವರು ಬ್ಯಾಟರಿ ಪೆಟ್ಟಿಗೆ ಹಾಗೇ ಬಿಟ್ಟು ಹೋಗಿದ್ದಾರೆ, ಒಳಗೆ ಒಳ್ಳೇ ಸೆಲ್ ಇದ್ದಾವು ಎಂದು. ನಾನು ಕಣ್ಣು ಕೆಕ್ಕರಿಸಿದ್ದೆ. “ಅದು ಕಳ್ಳತನ ಅಲ್ಲ ಕಣೇ, ಉದ್ಧಾರ” ಎಂದು ನಕ್ಕು ಮಾತು ಬದಲಿಸಿದ್ದರು.

ಗಾಳಿಯಲ್ಲಿ ಎಷ್ಟು ಜನ ಕೇಳುತ್ತಿದ್ದರೋ, ನನಗೆ ಮಾನ ಮರ್ಯಾದೆ ಯಾವುದೂ ನೆನಪಾಗಲಿಲ್ಲ.

“ರೀ, ನಿಜ ಹೇಳಿ. ಗುಜರಿ ಕದಿಯೋಕೆ ಹೋದ್ರಾ?”

ಸೊಂಯ್... ಸೊಂಯ್...

“ನಾನು ಬೈಯಲ್ಲ, ದೇವರಾಣೆ ಬೈಯಲ್ಲ. ಕಾಲುವೆ ಪಂಪ್‌ಹೌಸಾ?”

ಖಟ್ ಖಟ್.

“ಅಯ್ಯೋ ನನ್ನ ಕರ್ಮವೇ!” ಅಂದೆ. ದೇವರ ಮೇಲಿನ ಆಣೆ ಅಲ್ಲಿಗೇ ಮುರಿಯಿತು. ಮೇಷ್ಟ್ರು ತಡಮಾಡದೆ ಕೇಳಿದರು: “ಸಂಪಿನೊಳಗೆ ಬಿದ್ಯಾ? ಮೇಲಿನ ಜಾಲರಿ ಮುರಿದು?”

ಖಟ್ ಖಟ್.

ಸಂಪು ಎಂದರೆ ಕಾಲುವೆಯ ನೀರು ಬಂದು ನಿಲ್ಲುವ ಆಳದ ತೊಟ್ಟಿ. ಎಷ್ಟೋ ವರ್ಷದಿಂದ ಒಣಗಿಯೇ ಇತ್ತು. ಆದರೆ ಹೊರಗೆ ಮಳೆ ಹುಯ್ಯುತ್ತಿತ್ತು.

“ರೀ, ನೀರು ಬರ್ತಿದೆಯಾ?”

ಖಟ್ ಖಟ್.

“ಮೊಣಕಾಲು ದಾಟಿದೆಯಾ?”

ಖಟ್ ಖಟ್.

“ಸೊಂಟ?”

ಈ ಸಲದ ಖಟ್ ಖಟ್ ನಡುವೆ ಎಷ್ಟು ಹೊತ್ತು ಹಿಡಿಯಿತೆಂದರೆ, ಒಂದೇ ಬಂತೆಂದು ನಾನು ಸಮಾಧಾನ ಪಟ್ಟುಕೊಳ್ಳುವಷ್ಟರಲ್ಲಿ ಎರಡನೆಯದು ಬಂತು.

ಅಗ್ನಿಶಾಮಕದವರು ಇನ್ನೂ ಗುಡ್ಡದ ಆ ಬದಿ. ಇಳಿದು ಸುತ್ತಿ ಬರಬೇಕು. ನಾನು ಮಳೆಯಲ್ಲೇ ಓಡಿ ಪಕ್ಕದ ಓಣಿಯ ಬಾಗಿಲು ಬಡಿದೆ. ನಮ್ಮಣ್ಣ ಮಲಗಿದ್ದ, ಇನ್ನೇನು ಮಾಡುತ್ತಾನೆ? “ಭಾವ ಪಂಪ್‌ಹೌಸಿನ ಸಂಪಲ್ಲಿ ಬಿದ್ದಿದಾರೆ, ನೀರು ಏರ್ತಿದೆ” ಎಂದೆ. ಲುಂಗಿ ಎತ್ತಿ ಕಟ್ಟಿದ, ಚಪ್ಪಲಿಯನ್ನೂ ಮೆಟ್ಟಲಿಲ್ಲ, ಟೆಂಪೊದಲ್ಲಿ ಹಗ್ಗ ಇದೆಯೇ ಎಂದು ಒಮ್ಮೆ ನೋಡಿದ, ಹೊರಟೇಬಿಟ್ಟ. ಹುಟ್ಟಿದಾಗಿನಿಂದ ಅವನು ಅಷ್ಟು ಜೋರಾಗಿ ಎದ್ದದ್ದನ್ನು ನಾನು ಕಂಡಿರಲಿಲ್ಲ.

ಒದ್ದೆ ಸೀರೆಯಲ್ಲೇ ಮರಳಿ ಬಂದು ಮೈಕ್ ಹಿಡಿದೆ. “ರೀ, ಅಣ್ಣ ಹೊರಟಿದಾನೆ. ಬರ್ತಿದಾನೆ. ಕೇಳಿಸ್ತಾ?”

ಸೊಂಯ್.

“ರೀ?”

ಸೊಂಯ್.

“ಒಂದು ಖಟ್ ಆದ್ರೂ ಅನ್ರೀ. ಇಲ್ಲ ಅಂತಾದ್ರೂ ಅನ್ನಿ!”

ಏನೂ ಬರಲಿಲ್ಲ. ಅತ್ತೆ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದರು, ಬಿಡಲೇ ಇಲ್ಲ. ಎಷ್ಟು ವರ್ಷ ನಾನು ಆ ಬಾಯಿಗೆ ಬೀಗ ಬೀಳಲಿ ಎಂದು ಗೋಳಾಡಿದ್ದೆ! ಕಿವಿಗೆ ಹತ್ತಿ ತುರುಕಿಕೊಂಡು ಹೊಲಿದಿದ್ದೆ. ಈಗ ಆ ಬಾಯಿಂದ ಒಂದು ‘ಓವರ್’ ಬಂದರೆ ಮಿಕ್ಕ ಆಯಸ್ಸೆಲ್ಲ ಉಪ್ಪಿಲ್ಲದ ಸಾರು ಉಣ್ಣುತ್ತೇನೆ ಎನ್ನುವಂತಾಗಿತ್ತು ನನ್ನ ಪಾಡು.

ಮೇಷ್ಟ್ರ ದನಿ ಈಗ ಮೆತ್ತಗಿತ್ತು. “ಖಟ್ ಅನ್ನೋಷ್ಟು ಶಕ್ತಿ ಇಲ್ದಿದ್ರೂ ಕೇಳೋಷ್ಟು ಬ್ಯಾಟರಿ ಉಳಿದಿರಬಹುದಮ್ಮ. ಕೇಳೋದಕ್ಕೆ ಅಷ್ಟೇನೂ ಬೇಡ. ನೀನು ಮಾತಾಡ್ತಾ ಇರು. ನಿದ್ದೆ ಹೋಗೋಕೆ ಬಿಡ್ಬೇಡ.”

ನಾನೇನು ಮಾತಾಡಲಿ? ನಮ್ಮ ಮನೆಯಲ್ಲಿ ಮಾತು ಅವರ ಖಾತೆ. ನನ್ನದೇನಿದ್ದರೂ ಬೈಗುಳ. ಅದರಿಂದಲೇ ಶುರು ಮಾಡಿದೆ. ಬುದ್ಧಿ ಇದೆಯೇನ್ರೀ ಎಂದೆ, ಈ ವಯಸ್ಸಲ್ಲಿ ಪಾಳು ಕಟ್ಟಡಕ್ಕೆ ನುಗ್ಗುತ್ತಾರೆಯೇ ಎಂದೆ, ತಟ್ಟೆ ಮುಚ್ಚಿಟ್ಟಿದೀನಿ ಅನ್ನ ಆರಿಹೋಯಿತು ಎಂದೆ. ಬೈಗುಳ ಮುಗಿಯಿತು. ಬೈಗುಳವೂ ಮುಗಿಯುತ್ತದೆ ಎಂದು ನನಗೆ ಅವತ್ತೇ ತಿಳಿದದ್ದು. ಆಮೇಲೆ ಅದರ ಅಡಿಯಲ್ಲಿದ್ದದ್ದು ಹೊರಗೆ ಬಂತು.

“ಗುಜರಿ ತನ್ರೀ. ಇಡೀ ಅಂಗಡೀನೇ ತಂದು ಸುರೀರಿ, ನಾನು ಸೆರಗು ಹಿಡಿದು ಒರೆಸಿ ಜೋಡಿಸಿಡ್ತೀನಿ. ಅಡುಗೆಮನೆ ಪ್ಲಗ್ಗು ನಿಮಗೇ ಬಿಟ್ಕೊಡ್ತೀನಿ. ನೀವು ಡ್ಯೂಟಿಗೆ ಹೋದ್ಮೇಲೆ ನಾನು ಈ ಸೆಟ್ಟಿನ ಸದ್ದು ಕಮ್ಮಿ ಮಾಡ್ತೀನಲ್ಲ, ಪೂರ್ತಿ ಆರಿಸಲ್ಲ ರೀ. ಒಂದಿನಾನೂ ಆರಿಸಿಲ್ಲ. ನೀವು ಸಂಜೆ ಬರ್ತಾ ಮೂಲೆ ಮನೆಯವರ ಜೊತೆ ಮಾತಾಡ್ತೀರಲ್ಲ, ಆ ಸದ್ದು ಕೇಳಿದ್ಮೇಲೇನೇ ನಾನು ಒಲೆ ಹಚ್ಚೋದು. ನೀವು ಸುಮ್ನಾದ್ರೆ ನಂಗೆ ಇದು ಮನೆ ಅನ್ಸಲ್ಲ. ನಂಗೆ ನೀವಂದ್ರೆ ಪ್ರಾಣ ಕಣ್ರೀ. ಯಾವತ್ತೂ ಹೇಳಿಲ್ಲ. ಹೇಳೋಕೆ ನೀವು ಸಂದು ಎಲ್ಲಿ ಕೊಟ್ರಿ?”

ಗುಂಡಿ ಬಿಡುವಾಗ, ಎಷ್ಟೋ ವರ್ಷ ಅವರು ಗೋಗರೆದರೂ ಅನ್ನದ ಮಾತು ನನ್ನ ಬಾಯಿಂದ ತಾನಾಗಿ ಬಂತು. “ಓವರ್.”

ಎಲ್ಲೋ ಯಾರೋ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು, ಮೇಷ್ಟ್ರೇ ಇರಬೇಕು.

ಬೀದಿ ದೀಪ ಹತ್ತುವ ಹೊತ್ತಿಗೆ ಅಣ್ಣನ ಫೋನ್ ಬಂತು. ದೊಡ್ಡ ರಸ್ತೆಗೆ ಬಂದು ಮಾಡಿದ್ದ. ಅತ್ತೆಯೇ ಎತ್ತಿ ನನ್ನ ಕಿವಿಗೆ ಹಿಡಿದರು.

“ಭಾವ ಸಿಕ್ಕಿದ್ರು ಕಣೇ,” ಏದುಸಿರು ಬಿಡುತ್ತಿದ್ದ. “ಎದೆ ಮಟ್ಟ ನೀರು. ಗೋಡೆಗೆ ಒರಗಿ ಒಂಟಿ ಕಾಲಲ್ಲಿ ನಿಂತಿದ್ರು, ಆ ನಿನ್ನ ಹಳದಿ ಚೀಲ ತಲೆ ಮೇಲೆ ಹೊತ್ಕೊಂಡು. ಬ್ಯಾಟರಿ ಬಾಕ್ಸ್ ಕೂಡ ಬಿಟ್ಟಿಲ್ಲ ಪುಣ್ಯಾತ್ಮ, ಅದನ್ನೂ ಹಗ್ಗಕ್ಕೆ ಕಟ್ಟು ಅಂತ ಸನ್ನೆ ಮಾಡ್ತಾರೆ! ಬಿಟ್ಟು ಬಂದೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀನಿ, ನೀನೂ ಬಾ.”

ನಾನು ನೆಲದ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟೆ. ಅತ್ತೆ ಸೆಟ್ಟಿನ ಹತ್ತಿರ ಬಾಗಿ, ಮೈಕನ್ನು ತಲೆಕೆಳಗಾಗಿ ಹಿಡಿದು, ಯಾವ ಗುಂಡಿಯನ್ನೂ ಒತ್ತದೆ, “ನನ್ನ ಮಗ ಸಿಕ್ಕಿದ” ಎಂದು ಎಲ್ಲರಿಗೂ ಹೇಳಿದರು. ಯಾರಿಗೂ ಕೇಳಿಸಿರಲಿಕ್ಕಿಲ್ಲ. ಆಮೇಲೆ ನಾನು ಸರಿಯಾಗಿ ಒತ್ತಿ ಇನ್ನೊಮ್ಮೆ ಹೇಳಿದೆ.

ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿ ಮಲಗಿಸಿದ್ದರು. ಮುಖ ಬಿಳುಚಿಕೊಂಡಿತ್ತು. ಚಳಿಯಲ್ಲಿ ನಿಂತೂ ನಿಂತೂ ಗಂಟಲು ಕಟ್ಟಿ ಸ್ವರವೇ ಇರಲಿಲ್ಲ. ಡಾಕ್ಟರು ಒಂದೆರಡು ದಿನ ಮಾತಾಡಬೇಡಿ ಎಂದಿದ್ದರಂತೆ. ಬಾಗಿಲ ಹೊರಗೆ ಬೆಂಚಿನ ಮೇಲೆ ನಮ್ಮಣ್ಣ ಒದ್ದೆ ಲುಂಗಿಯಲ್ಲೇ ಗೊರಕೆ ಹೊಡೆಯುತ್ತಿದ್ದ. ಅವರು ಅವನ ಕಡೆ ಕಣ್ಣು ಹಾಯಿಸಿ, ನನ್ನನ್ನು ನೋಡಿ, ಕೈಮುಗಿದರು. ಆ ಸೆಲ್ಲಿಗೆ ಅಂದಿನಿಂದ ಹೆಸರಿಲ್ಲ.

ನಾನು ಮಂಚದ ಪಕ್ಕ ಸ್ಟೂಲು ಎಳೆದು ಕೂತೆ. ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಆ ಮುಖ ನೋಡಿ ಮರೆತುಹೋಯಿತು. ಕೇಳಬೇಕೆಂದಿದ್ದದ್ದು ಒಂದೇ ಉಳಿಯಿತು.

“ಕೊನೇಲಿ ನಾನು ಮಾತಾಡಿದ್ದೆಲ್ಲ ಕೇಳಿಸ್ತಾ?”

ಅವರು ಬಾಯಿ ತೆರೆಯಲು ಹೋದರು, ನಾನು ಬೆರಳಿಟ್ಟು ತಡೆದೆ. ಆಗ ಕೈ ಚಾಚಿ, ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಗೆಣ್ಣಿನಿಂದ ಕುಟ್ಟಿದರು.

ಖಟ್.

ಕಾದೆ. ಎರಡನೆಯದು ಬರಲಿಲ್ಲ. ಅಂದರೆ ಇಲ್ಲ. ಅಣ್ಣ ಹೊರಟ ಎಂದದ್ದಾದರೂ ಕೇಳಿಸಿತೇ ಎಂದೆ, ಅದಕ್ಕೂ ಒಂದೇ ಖಟ್. ಅಷ್ಟರೊಳಗೇ ಆ ಕಟ್ಟು ಪೂರ್ತಿ ಸತ್ತಿತ್ತು. ಯಾರಾದರೂ ಬರುತ್ತಿದ್ದಾರೆಂದು ತಿಳಿಯದೆಯೇ ಅವರು ಆ ಕತ್ತಲ ನೀರಿನಲ್ಲಿ ಚೀಲ ಹೊತ್ತು ನಿಂತಿದ್ದರು. ನನ್ನ ಪ್ರಾಣದ ಮಾತು ಊರ ಹ್ಯಾಮಿನವರಿಗೆಲ್ಲ ಕೇಳಿಸಿ, ಕೇಳಬೇಕಾದ ಒಬ್ಬರಿಗೆ ಮಾತ್ರ ಕೇಳಿಸಿರಲಿಲ್ಲ. ನನಗೆ ನಗುವೂ ಬಂತು, ಅಳುವೂ ಬಂತು.

“ಇನ್ನೊಂದ್ಸಲ ಹೇಳ್ಬೇಕಾ?”

ಖಟ್ ಖಟ್.

ಸುತ್ತ ನೋಡಿದೆ. ನರ್ಸು ಆಚೆ ಮಂಚದವರ ಬಳಿ ಇದ್ದಳು. ಅವರ ಕಿವಿಯ ಹತ್ತಿರ ಬಾಗಿ, ಬೈಗುಳದ ಭಾಗ ಬಿಟ್ಟು, ಉಳಿದದ್ದನ್ನೆಲ್ಲ ಮೊದಲಿಂದ ಹೇಳಿದೆ. ಈ ಸಲ ಮೇಷ್ಟ್ರಿಗೆ ಕೇಳಿಸಲಿಲ್ಲ.